ಆ್ಯಕ್ಚುಲಿ ಎಂಬ ಅರ್ಧ ವಾಕ್ಯ

ಇಂಗ್ಲಿಷ್ ಮಾಷ್ಟ್ರಾದವನಿಗೆ ನಿವೃತ್ತಿ ಸಿಗುವುದು ಗಂಟೆ ಬಾರಿಸುವ ಶಾಲೆಯಿಂದ ಮಾತ್ರ, ಇಂಥ ಪ್ರಸಂಗಗಳಿಂದಲ್ಲ. ‘ಆ್ಯಕ್ಚುಲಿ’ ಎಂಬ ಒಂದೇ ಒಂದು ಪದ ಕ್ಲಾಸಿನಿಂದ ಹೊರಟು ಕುಂದಾಪುರದ ನಮ್ಮ ಮನೆಯ ಜಗಲಿಯವರೆಗೂ ನನ್ನ ಬೆನ್ನು ಹತ್ತಿ ಬಂದಿದೆ.

೧. ಬೇರು

ಶಂಕರನಾರಾಯಣದ ಕಡೆಯ ಒಂದು ಹೈಸ್ಕೂಲಿನಲ್ಲಿದ್ದಾಗ ಈ ಪದಕ್ಕೆ ಒಂದು ಪೂರ್ತಿ ಪಿರಿಯಡ್ ಕೊಟ್ಟಿದ್ದೆ. ಇದರ ಬೇರು ಲ್ಯಾಟಿನ್ನಿನಲ್ಲಿದೆ, ಆ ಬೇರಿನ ಅರ್ಥ ‘ಮಾಡುವುದು’, ಆ್ಯಕ್ಟ್, ಆ್ಯಕ್ಷನ್ ಎಲ್ಲ ಇದರ ನೆಂಟರು ಎಂದೆ. ಬಾಯಲ್ಲಿ ಹೇಳಿದ್ದಲ್ಲ, ಮಾಡಿ ತೋರಿಸಿದ್ದು ಎನ್ನುವಾಗ ಹಿಂದಿನವರು ಇದನ್ನು ಬಳಸುತ್ತಿದ್ದರು, ‘ನಿಜವಾಗಿ’ ಎಂಬ ಅರ್ಥ ಆಮೇಲೆ ಬಂತು ಎಂದೂ ಹೇಳಿದೆ. ನನ್ನ ಪಾಠಕ್ಕೆ ನಾನೇ ತಲೆದೂಗಿ, ನಾಳೆ ಈ ಪದ ಹಾಕಿ ಐದು ವಾಕ್ಯ ಬರೆದು ತನ್ನಿ ಎಂದು ಹೊರಬಿದ್ದೆ.

ಮರುದಿನ ಮೊದಲ ಬೆಂಚಿನ ಹುಡುಗಿ ಎದ್ದು ಶುದ್ಧ ಇಂಗ್ಲಿಷಿನಲ್ಲಿ, “ಆ್ಯಕ್ಚುಲಿ ಸರ್, ನಾನು ಬರೆದಿಲ್ಲ” ಎಂದಳು. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಕೂರಿಸಿದೆ. ಪಕ್ಕದವಳು ಎದ್ದಳು, ಅದೇ ವಾಕ್ಯ. ಹೀಗೆ ಕೊನೆಯ ಬೆಂಚಿನವರೆಗೂ ನಡೆಯಿತು. ಪದ ಎಲ್ಲರಿಗೂ ಬಂದಿತ್ತು, ಪುಸ್ತಕ ಒಬ್ಬರೂ ತಂದಿರಲಿಲ್ಲ.

೨. ಉಚ್ಚಾರ

ನಮ್ಮ ಪಕ್ಕದ ಮನೆಯವರು ಮುಂಬಯಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ಅವರ ಬಾಯಲ್ಲಿ ಈ ಪದ ‘ಆಕ್ಚ್ಲಿ’. ಒಂದು ಸಂಜೆ ತಡೆಯಲಾರದೆ, ಡಿಕ್ಷನರಿಯ ಪ್ರಕಾರ ಅದು ‘ಆ್ಯಕ್-ಚು-ಅ-ಲಿ’ ಎಂದು ಬಿಡಿಸಿ ಹೇಳಿದೆ.

“ಅಷ್ಟ್ ಉದ್ದ ಹೇಳ್ತಾ ನಿಂತ್ರೆ ಗಿರಾಕಿ ಎದ್ದ್ ಹೋತ ಮಾಷ್ಟ್ರೆ” ಎಂದರು.

ಬರುತ್ತೇನೆ ಎನ್ನುವುದನ್ನು ‘ಬತ್ತೆ’, ಇರುತ್ತದೆ ಎನ್ನುವುದನ್ನು ‘ಇತ್ತ್’ ಎಂದು ಮುಗಿಸುವ ಊರಿದು. ಇಂಗ್ಲಿಷರೇ ಅವಸರದಲ್ಲಿ ಆ ನಡುವಿನ ಅಕ್ಷರ ನುಂಗುತ್ತಾರೆ. ಹಾಗಾಗಿ ಉಚ್ಚಾರ ಬಿಟ್ಟು, ಗಿರಾಕಿಗೂ ಈ ಪದಕ್ಕೂ ಏನು ಸಂಬಂಧ ಎಂದು ಕೇಳಿದೆ.

“ಹೋಟ್ಲಲ್ಲಿ ಇಲ್ಲ ಅಂಬುಕಾಗ. ಗಿರಾಕಿ ಇಡ್ಲಿ ಕೇಂಡ್ರೆ, ‘ಆಕ್ಚ್ಲಿ ಇಡ್ಲಿ...’ ಅಂದೇಳಿ ಸುಮ್ನೆ ನಿತ್ಕಣ್ಕ್. ಅವ್ನೇ ‘ಹಂಗಾರೆ ದೋಸೆ ಕೊಡಿ’ ಅಂತ. ಇಲ್ಲ ಅಂದ್ ಪಾಪ ನಮ್ಗಿಲ್ಲ.”

ಯೋಚಿಸಿದರೆ ನಮ್ಮ ಕಡೆಯ ಮರ್ಯಾದೆಯೇ ಅದು. ಬೇಡ, ಆಗುವುದಿಲ್ಲ ಎಂದು ಮುಖಕ್ಕೆ ಹೇಳಲು ನಮಗೆ ಬಾಯಿ ಬರುವುದಿಲ್ಲ. ಹೇಳುವವನು ಅರ್ಧಕ್ಕೆ ನಿಲ್ಲಿಸಬೇಕು, ಕೇಳುವವನು ಉಳಿದದ್ದನ್ನು ತಾನೇ ತುಂಬಿಕೊಂಡು ಅವನನ್ನು ಮುಜುಗರದಿಂದ ಪಾರು ಮಾಡಬೇಕು. ನನಗೆ ಈ ಸೌಜನ್ಯ ಬಹಳ ಹಿಡಿಸಿತು. ಅಂದಿನಿಂದ ಅವರ ಮನೆಗೆ ಚಹಾದ ಹೊತ್ತಿಗೆ ಹೋದಾಗ ಅವರು “ಆಕ್ಚ್ಲಿ ಹಾಲ್...” ಎಂದರೆ ಸಾಕು, ನಾನೇ ಎದ್ದು ಮನೆಗೆ ಬರುತ್ತಿದ್ದೆ.

೩. ಪ್ರಯೋಗ

ನನ್ನ ಹೆಂಡತಿ ಇನ್ನೂ ಚುರುಕು. ರವಿಕೆ ಹೊಲಿಯಲು ಕೊಟ್ಟು ಮೂರನೇ ಸಲ ದರ್ಜಿಯ ಅಂಗಡಿಗೆ ಹೋಗಿದ್ದೆವು. ಅವನು ತಲೆ ಎತ್ತಿ “ಅಮ್ಮಾ, ಆಕ್ಚುಲಿ” ಎಂದದ್ದೇ ತಡ, ಇವಳು ಮೆಟ್ಟಿಲಿನಿಂದಲೇ ಹಿಂದೆ ತಿರುಗಿದಳು.

“ಪಾಪ, ಅವ್ನ್ ಎಂತ ಹೇಳ್ತ ಕೇಂಬ” ಎಂದೆ.

“ಕರೆಂಟ್ ಹೋಯಿತ್ತ್ ಅಂತ. ಬಿಸ್ಲಗೆ ನಿತ್ಕಂಡ್ ಅದ್ನೂ ಕೇಣ್ಕಾ?”

ಹಿಂದಿನಿಂದ ದರ್ಜಿ ಕೂಗಿ ಹೇಳುತ್ತಿದ್ದ, “ಮೂರ್ ದಿನದಿಂದ ಕರೆಂಟೇ ಇಲ್ಲ ಅಮ್ಮಾ.”

೪. ಅರ್ಥ

ಬೈಂದೂರು ಕಡೆಯ ಒಂದು ಮನೆಯವರು ನಮ್ಮ ಮಗಳನ್ನು ನೋಡಲು ಬಂದಿದ್ದರು. ಅವಳು ಬ್ರಹ್ಮಾವರದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಹುಡುಗರನ್ನು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಇವನನ್ನು ಒಪ್ಪಿದ್ದಳು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮರುದಿನದಿಂದ ಫೋನ್ ಬಡಿದಾಗಲೆಲ್ಲ ಕೈಯ ಕೆಲಸ ನಿಲ್ಲಿಸುತ್ತಿದ್ದಳು. ಒಪ್ಪಿಗೆಯ ಮಾತನ್ನು ಹುಡುಗನ ಸೋದರಮಾವ ತಿಳಿಸುವುದೆಂದಾಗಿತ್ತು. ಎಂಟು ದಿನ ಸುದ್ದಿಯೇ ಇಲ್ಲ.

ಒಂಬತ್ತನೇ ದಿನ ಸಂಜೆ ಎಲ್ಲರೂ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಫೋನ್ ಬಂತು.

“ನಮಸ್ಕಾರ ಮಾಷ್ಟ್ರೆ. ಆಕ್ಚುಲಿ...” ಎಂದು ಸೋದರಮಾವ ಉಸಿರು ಎಳೆದುಕೊಂಡರು.

ಹಿರಿಯರ ಬಾಯಲ್ಲಿ ಬೇಡ ಎಂದು ಹೇಳಿಸುವುದು ಬೇಡವೆಂದು ನಾನೇ ಮುಂದಾದೆ. “ಅಡ್ಡಿಲ್ಲ, ಹೇಳುದೇ ಬೇಡ, ನಂಗೆ ಅರ್ಥ ಆಯ್ತ್. ನಮ್ಗೂ ಅಷ್ಟ್ ಮನಸ್ಸ್ ಇರ್ಲಿಲ್ಲ” ಎಂದು ಫೋನ್ ಇಟ್ಟೆ.

ಮಗಳು ಅರ್ಧ ಕುಡಿದ ಲೋಟ ಕೆಳಗಿಟ್ಟು ಒಳಗೆ ಹೋದಳು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

“ಅವ್ರ್ ಎಂತ ಅಂದ್ರ್?” ಎಂದಳು ಹೆಂಡತಿ.

“ಆಕ್ಚುಲಿ ಅಂದ್ರ್.”

“ಮತ್ತೆ?”

“ಮತ್ತೆ ನಾನೇ ಮಾತಾಡ್ದೆ.”

“ಮೂವತ್ತ್ ವರ್ಷ ಮಕ್ಕಳಿಗೆ ಪೂರ್ತಿ ವಾಕ್ಯ ಹೇಳಿ ಅಂದವ್ರ್, ಹಿರಿಯರಿಗೆ ಒಂದ್ ವಾಕ್ಯ ಮುಗ್ಸುಕೆ ಬಿಡ್ಲಿಲ್ಯಾ?”

ದರ್ಜಿಯ ಮೆಟ್ಟಿಲು ನೆನಪಾದರೂ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಮಗಳು ತನ್ನ ಫೋನ್ ಹಿಡಿದು ಹೊರಗೆ ಬಂದಳು. ಹೆಣ್ಣೇ ಗಂಡಿನವರಿಗೆ ಫೋನ್ ಮಾಡುವ ಕ್ರಮ ನಮ್ಮಲ್ಲಿಲ್ಲ. ಅವಳು ನನ್ನೆದುರೇ ನಿಂತು, ನಮಗೆಲ್ಲ ಕೇಳುವಂತೆ ಸೋದರಮಾವನಿಗೆ ಫೋನ್ ಹಚ್ಚಿದಳು.

“ಮಾವಾ, ನಾನ್ ಹುಡ್ಗಿ ಮಾತಾಡುದ್. ನೀವ್ ಎಂತ ಹೇಳುಕೆ ಹೊರ್ಟಿದ್ರಿ?”

“ಆಕ್ಚುಲಿ ನಿಶ್ಚಿತಾರ್ಥಕ್ಕೆ ಯಾವ ದಿನ ಅನುಕೂಲ ಅಂದೇಳಿ ಕೇಂಬುಕೆ ಮಾಡದ್ ಮಗಾ. ಅಪ್ಪಯ್ಯಂಗೆ ಮನಸ್ಸ್ ಇಲ್ಲ ಅಂದ್ರಲೆ.”

“ಅಪ್ಪಯ್ಯಂಗೆ ಇಲ್ದಿದ್ರೂ ಅಡ್ಡಿಲ್ಲ. ನಂಗಿತ್ತ್.”

ಆ್ಯಕ್ಚುಲಿಯ ಬೇರಿನ ಅರ್ಥ ‘ಮಾಡುವುದು’ ಎಂದು ಒಂದು ಪೂರ್ತಿ ಪಿರಿಯಡ್ ಪಾಠ ಹೇಳಿದ್ದೆ. ಅದನ್ನು ಕಲಿತವಳು ನನ್ನ ಕ್ಲಾಸಿನಲ್ಲಿ ಒಂದು ದಿನವೂ ಕೂರದ ನನ್ನ ಮಗಳು.

ನಿಶ್ಚಿತಾರ್ಥದ ದಿನ ಎರಡೂ ಕಡೆಯವರು ಸೇರಿದ್ದಾಗ ನಾಲ್ಕು ಮಾತಾಡಲು ಸೋದರಮಾವ ಎದ್ದು ನಿಂತರು. “ಆಕ್ಚುಲಿ” ಎಂದವರು ಅಲ್ಲಿಗೇ ನಿಲ್ಲಿಸಿ, ತುಂಬಿದ ಸಭೆಯಲ್ಲಿ ನನ್ನತ್ತ ತಿರುಗಿ ಕೇಳಿದರು, “ಮಾಷ್ಟ್ರೆ, ಇವತ್ತ್ ಮುಗ್ಸ್ಲಾ?”