ಮೂರನೆಯ ವಿಂಡೋ

ನನ್ನ ಹೆಂಡತಿ ಅಪರ್ಣಾಳಿಗೆ ಎಲ್ಲವೂ ಒಂದೇ ಕಡೆ ಇರಬೇಕು. ಸಾಸಿವೆ, ಜೀರಿಗೆ, ಮೆಂತ್ಯ ಒಂದೇ ಡಬ್ಬಿಯಲ್ಲಿ. ಮನೆಗಿರುವ ಒಂದೇ ಕಂಪ್ಯೂಟರಿನಲ್ಲೂ ಅವಳ ಮಹಿಳಾ ಸಂಘದ ಕಾಗದಗಳೆಲ್ಲ ಒಂದೇ ವಿಂಡೋದೊಳಗೆ, ನೆತ್ತಿಯ ಮೇಲೆ ಸಾಲಾಗಿ ಟ್ಯಾಬುಗಳು. ನಾನೋ ಸಾಗರದ ಕಚೇರಿಯೊಂದರಲ್ಲಿ ಹದಿನೆಂಟು ವರ್ಷ ಕೀಲಿಮಣೆ ಕುಟ್ಟಿದ ಗುಮಾಸ್ತ. ನನ್ನ ಸಿದ್ಧಾಂತವೇ ಬೇರೆ: ಒಂದು ಕಾಗದಕ್ಕೆ ಒಂದು ವಿಂಡೋ. (ಒಂದರ ಹಿಂದೆ ಇನ್ನೊಂದನ್ನು ಅಡಗಿಸಬಹುದು ಎಂಬುದು ಈ ಸಿದ್ಧಾಂತದ ಗುಪ್ತ ಅಧ್ಯಾಯ.)

"ಡಬ್ಬಿ ಮುಚ್ಚಳ ತೆಗೆದ್ರೆ ಎಲ್ಲಾ ಕಾಣ್ತದೆ. ಕಾಣೋದೇ ನಿಮಗೆ ತೊಂದ್ರೆಯಾ?" ಎಂದು ಅವಳು ಕೇಳುವುದಿತ್ತು. ನಾನು ನಕ್ಕುಬಿಡುತ್ತಿದ್ದೆ.

ಅಡಗಿಸಲು ನನ್ನಲ್ಲಿದ್ದದ್ದು ಒಂದೇ ಕಾಗದ. ತವರೂರು ತೀರ್ಥಹಳ್ಳಿಗೆ ವರ್ಗ ಮಾಡಿಸಿಕೊಳ್ಳಿ ಎಂದು ಅಪರ್ಣಾ ಆರು ವರ್ಷದಿಂದ ಜೀವ ತಿನ್ನುತ್ತಿದ್ದಳು. ನಾನು ಪ್ರತಿ ವರ್ಷ ಅರ್ಜಿ ಬರೆಯುತ್ತಿದ್ದೆ. ಪ್ರತಿ ವರ್ಷವೂ "ಮೇಲಿನವರು ಒಪ್ಪಲಿಲ್ಲ ಮಾರಾಯ್ತಿ" ಎನ್ನುತ್ತಿದ್ದೆ. ಅವಳು ಮೇಲಿನವರಿಗೆ ಹಿಡಿಶಾಪ ಹಾಕುತ್ತಿದ್ದಳು. ಅರ್ಜಿಯಲ್ಲಿ ಏನಿರುತ್ತಿತ್ತು ಎಂಬುದು ನನಗೂ ಮೇಲಿನವರಿಗೂ ಮಾತ್ರ ಗೊತ್ತಿತ್ತು.

ಏಪ್ರಿಲ್‌ನ ಒಂದು ಭಾನುವಾರ ಅತ್ತೆ ಸರಸ್ವತಮ್ಮ ಬಂದಿದ್ದರು. ಅಪರ್ಣಾ ಸಂಘದ ಹಳೆಯ ವರದಿಯನ್ನೂ ಹೊಸದನ್ನೂ ತಾಳೆ ನೋಡಲು ಒದ್ದಾಡುತ್ತಿದ್ದಳು. ಒಂದು ಟ್ಯಾಬು ಒತ್ತಿದರೆ ಇನ್ನೊಂದು ಮರೆ. ಅತ್ತೆಯ ಎದುರು ಪಾಂಡಿತ್ಯ ಪ್ರದರ್ಶನಕ್ಕೆ ಇಂಥ ಸುಮುಹೂರ್ತ ಮತ್ತೆ ಸಿಗುವುದುಂಟೇ?

"ಏಳು, ತೋರಿಸ್ತೇನೆ" ಎಂದು ಕುರ್ಚಿ ಕಸಿದೆ. ಅವಳ ಟ್ಯಾಬುಗಳನ್ನು ಕಿತ್ತು ಎರಡು ವಿಂಡೋ ಮಾಡಿದೆ. "ನೋಡಿ ಅತ್ತೆ, ತೆರೆದದ್ದೆಲ್ಲ ಒಂದೇ ಏಟಿಗೆ ಅಕ್ಕಪಕ್ಕ ಬಂದು ಕೂರ್ತದೆ" ಎಂದು 'ಎಲ್ಲವನ್ನೂ ಜೋಡಿಸು' ಒತ್ತಿದೆ.

ಬಂದು ಕೂತವು. ಎರಡಲ್ಲ, ಮೂರು. ಬೆಳಗ್ಗೆ ತಿದ್ದಿ ಮುಚ್ಚಲು ಮರೆತಿದ್ದ ಈ ವರ್ಷದ ಅರ್ಜಿ ಸಂಘದ ಎರಡು ವರದಿಗಳ ನಡುವೆ ರಾರಾಜಿಸುತ್ತಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಅತ್ತೆಯ ಮನೆಯ ಸಾಮೀಪ್ಯ ನನ್ನ ಆರೋಗ್ಯಕ್ಕೆ ಒಗ್ಗದ ಕಾರಣ, ಪ್ರತಿ ವರ್ಷದಂತೆ ಈ ವರ್ಷವೂ ನನ್ನನ್ನು ತೀರ್ಥಹಳ್ಳಿಗೆ ವರ್ಗಾಯಿಸಬಾರದಾಗಿ ಸವಿನಯ ಪ್ರಾರ್ಥನೆ."

"ಆರು ವರ್ಷ ಆ ಸಾಹೇಬ್ರಿಗೆ ಸುಮ್ಮನೆ ಬೈದೆ" ಎಂದಳು ಅಪರ್ಣಾ. "ಬೈಗುಳ ಎಲ್ಲ ಮನೆಯಲ್ಲೇ ಖರ್ಚಾಗಬೇಕಿತ್ತು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ ಶಾಂತವಾಗಿದ್ದರು.

"ಅಡ್ಡಿಲ್ಲ ಬಿಡೇ. ಪಾಪ, ಅಳಿಯಂದ್ರಿಗೆ ಅಲ್ಲಿ ಒಗ್ಗೂದಿಲ್ಲ. ನನಗೆ ಸಾಗರ ಚೆನ್ನಾಗಿ ಒಗ್ತದೆ. ನಾಳೆ ಹೋಗಿ ಬಟ್ಟೆಬರೆ ತಗಂಡು ಬರ್ತೇನೆ, ಎಂತ?"

ಮಂಗಳವಾರ ಬಂದರು. ಕಂಪ್ಯೂಟರಿನ ಕೋಣೆ ಈಗ ಅವರದು. ನಾನು ಟೈಪು ಮಾಡಿದ್ದನ್ನೆಲ್ಲ ಹಿಂದೆ ಕೂತು ಗಟ್ಟಿಯಾಗಿ ಓದುತ್ತಾರೆ. ಮೂರೇ ವಾರಕ್ಕೆ ನಾನು ಕಚೇರಿಯಲ್ಲೇ ಕೂತು, ಜೀವಮಾನದಲ್ಲಿ ಮೊದಲ ಬಾರಿಗೆ, ದಯವಿಟ್ಟು ತೀರ್ಥಹಳ್ಳಿಗೆ ವರ್ಗ ಮಾಡಿ ಎಂದು ಪ್ರಾಮಾಣಿಕವಾಗಿ ಅರ್ಜಿ ಬರೆದೆ.

ಸಾಹೇಬರು ನನ್ನನ್ನು ಒಳಗೆ ಕರೆದು, ಹಳೆಯ ಆರು ಅರ್ಜಿಗಳನ್ನೂ ಹೊಸದನ್ನೂ ಪರದೆಯ ಮೇಲೆ ಅಕ್ಕಪಕ್ಕ ಜೋಡಿಸಿ ತೋರಿಸಿದರು. ಮೇಲಿನವರು ಒಪ್ಪಲಿಲ್ಲ.