ಇಪ್ಪತ್ನಾಲ್ಕೋ ಇಪ್ಪತ್ತೇಳೋ

ಇಪ್ಪತ್ನಾಲ್ಕು ಎಂದರೆ ಇವತ್ತಿಗೆ ಮುಗಿಯಿತು. ಇಪ್ಪತ್ತೇಳು ಎಂದರೂ ಇವತ್ತಿಗೆ ಮುಗಿಯಿತು. ಹಾಗಿದ್ದಮೇಲೆ ಯಾವುದನ್ನು ಹೇಳಿದರೇನು? ಏನೂ ಹೇಳದೆ ಇನ್ನೊಂದು ವಾರ ತಳ್ಳಬಹುದೇ? ತಳ್ಳಲಾಗದು. ಸಂಜೆಯೊಳಗೆ ಮಾನಿಟರುಗಳ ಬಿಲ್ಲು ಬರದಿದ್ದರೆ ಈ ವರ್ಷ ಮಂಜೂರಾತಿ ಇಲ್ಲವೆಂದು ಹುಬ್ಬಳ್ಳಿಯ ಆಫೀಸಿನವರು ಬರೆದಿದ್ದರು. ಮೌನೇಶ ಟೇಪು ಹಿಡಿದು ತನ್ನ ಮೇಜನ್ನು ಮತ್ತೊಮ್ಮೆ ಅಳೆದ. ಮೇಜು ನಿನ್ನೆಗಿಂತ ಬೆಳೆದಿರಲಿಲ್ಲ.

ಅವನದು ಹಳಿಯಾಳದ ಮನೆಯಲ್ಲೇ ಕುಳಿತು ಮಾಡುವ ಕೆಲಸ. ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು. ಯಾರೋ ಟೈಪು ಮಾಡಿದ್ದನ್ನು ಅದರ ಜೊತೆ ಇಟ್ಟು ಅಕ್ಷರಕ್ಕಕ್ಷರ ಹೋಲಿಸಿ ತಿದ್ದಬೇಕು. ಒಂದೇ ಪರದೆಯ ಮೇಲೆ ಪುಸ್ತಕ ಸರಿಸಿ ಟೈಪು, ಟೈಪು ಸರಿಸಿ ಪುಸ್ತಕ ಎಂದು ಮಾಡಿ ಮಾಡಿ ಸಂಜೆಗೆ ಅವನ ಕಣ್ಣ ಮುಂದೆ ಅಲ್ಪವಿರಾಮಗಳು ಸೊಳ್ಳೆಯಂತೆ ಹಾರುತ್ತಿದ್ದವು. ಕೊನೆಗೆ ಆಫೀಸಿನವರು ಎರಡು ಮಾನಿಟರು ಕೊಳ್ಳಲು ಒಪ್ಪಿದರು. ಅಳತೆ ನಿನ್ನ ಇಷ್ಟ ಎಂದರು. ಗೋಡೆಗೂ ಕಪಾಟಿಗೂ ನಡುವೆ ಸಿಕ್ಕಿಕೊಂಡ ಆ ಮೇಜಿನ ಮೇಲೆ ಇಪ್ಪತ್ನಾಲ್ಕು ಇಂಚಿನವು ಎರಡು ಕೂರುತ್ತವೆ. ಇಪ್ಪತ್ತೇಳು ಇಂಚಿನವು ಎರಡು ತಂದರೆ ಕಪಾಟಿನ ಬಾಗಿಲು ತೆರೆಯುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಅಂಗಡಿಯಲ್ಲಿ ಶೈಲಶ್ರೀ ಇದ್ದಳು.

ಬಸ್‌ಸ್ಟ್ಯಾಂಡಿನ ಎದುರಿಗೆ ಚನಬಸಪ್ಪನವರ ಕಂಪ್ಯೂಟರ್ ಅಂಗಡಿ. ನಡೆಸುವವಳು ಮಗಳು. ಮೌನೇಶ ಮೊದಲ ಸಲ ಹೋದಾಗ ಅವಳು ಎರಡೂ ಅಳತೆಯ ಮಾನಿಟರು ಹಚ್ಚಿ ಪಕ್ಕಕ್ಕೆ ನಿಂತಳು. ಎರಡರಲ್ಲೂ ಒಂದೇ ಕಾಡು, ಒಂದೇ ಹೊಳೆ. ಅವನು ನೋಡಿದ, ಅವಳೂ ನೋಡಿದಳು. ಯಾವುದು ಕಟ್ಟಲಿ ಎಂದು ಕೇಳಲಿಲ್ಲ. ಕಡ್ಡಿಪೆಟ್ಟಿಗೆ ಕೊಳ್ಳಲು ಹೋದವನನ್ನೂ ನೀ ಯಾರ ಪೈಕಿ ಎಂದು ಕೇಳುವ ಊರಿನಲ್ಲಿ ಏನೂ ಕೇಳದೆ ನಿಲ್ಲುವ ಒಬ್ಬರು ಸಿಕ್ಕಿದ್ದು ಅವನಿಗೆ ದೊಡ್ಡ ಸಂಗತಿ. ಮರುದಿನ ಮತ್ತೆ ಹೋದ. ಅದರ ಮರುದಿನವೂ ಹೋದ. ಸ್ಟ್ಯಾಂಡು ನೋಡಬೇಕು, ಬಣ್ಣ ನೋಡಬೇಕು, ಹಗಲಿನ ಬೆಳಕಿನಲ್ಲಿ ನೋಡಬೇಕು ಎಂದು ನೆಪ ಹೂಡಿದ. ಇವತ್ತು ಕೊಂಡುಬಿಟ್ಟರೆ ನೆಪ ತೀರಿತು. ಕೊಳ್ಳುವ ಮುಂಚೆ ಅವಳನ್ನೊಂದು ಮಾತು ಕೇಳಬೇಕು. 'ನಿಮ್ಮನ್ನ ಒಂದು ಕೇಳೂದಿತ್ರಿ' ಎನ್ನುವವರೆಗೆ ವಾಕ್ಯ ಸಿದ್ಧವಾಗಿತ್ತು. ಮುಂದಿನದು ಆಗಿರಲಿಲ್ಲ.

ಧೈರ್ಯಕ್ಕೆಂದು ಮಾಳಿಗೆ ಹತ್ತಿ ಹುಬ್ಬಳ್ಳಿಯ ಸಹೋದ್ಯೋಗಿ ಕಿರಣಕುಮಾರನಿಗೆ ಫೋನು ಹಚ್ಚಿದ. ಪಕ್ಕದ ಮಾಳಿಗೆಯಲ್ಲಿ ಗುರುಸಿದ್ದವ್ವ ಮೆಣಸಿನಕಾಯಿ ಒಣಹಾಕುತ್ತಿದ್ದಳು.

ಗುರುಸಿದ್ದವ್ವ ಸಂಬಂಧ ಕೂಡಿಸುವವಳು. ಅವಳದೊಂದು ಕಟ್ಟುನಿಟ್ಟಿತ್ತು. ಮಾತು ಕೂಡಿ ಸಕ್ಕರೆ ಹಂಚುವ ತನಕ ಹುಡುಗಿಯ ಹೆಸರನ್ನು ಬಾಯಿಂದ ತೆಗೆಯುತ್ತಿರಲಿಲ್ಲ. ಮಾತು ಮುರಿದರೆ ಹೆಣ್ಣಿನ ಹೆಸರು ಊರಲ್ಲಿ ತಿರುಗಬಾರದು ನೋಡಿ. ಹಾಗಾಗಿ ವಯಸ್ಸಿನಿಂದಲೇ ಕರೆಯುತ್ತಿದ್ದಳು. ಮೊನ್ನೆ ಮೌನೇಶನ ತಾಯಿ ಸತ್ತೆವ್ವನ ಕಿವಿಗೆ ಅಂಥ ಎರಡನ್ನು ಹಾಕಿದ್ದಳು. ಒಂದು ಇಪ್ಪತ್ನಾಲ್ಕರದು, ಇನ್ನೊಂದು ಇಪ್ಪತ್ತೇಳರದು. ಸತ್ತೆವ್ವ ಮಗನಿಗೆ ವಿಷಯ ತೆಗೆದಾಗ ಅವನು ಯಾವುದೋ ಅಲ್ಪವಿರಾಮದ ಬೆನ್ನು ಹತ್ತಿದ್ದ. ತಲೆಯೆತ್ತದೆ 'ನೋಡೂಣು' ಎಂದ. ನೋಡಲು ಒಪ್ಪಿದ ಎಂದು ಅವಳು ತಿಳಿದಳು.

ಈ ಕಡೆಯ ಮಾತಿನಲ್ಲಿ ಒಂದು ತೊಡಕಿದೆ. ಹುಡುಗಿಯೂ 'ಐತಿ', ಮಾನಿಟರೂ 'ಐತಿ'.

"ಎರಡೂ ನೋಡಿ ಬಂದೇನೋ ಕಿರಣಾ," ಎಂದು ಮೌನೇಶ ಫೋನಿನಲ್ಲಿ ಹೇಳುತ್ತಿದ್ದ. "ಇಪ್ಪತ್ನಾಲ್ಕು ಸಣ್ಣದೈತಿ, ನಮ್ಮ ಮನಿಗೆ ಹೊಂದತೈತಿ. ಇಪ್ಪತ್ತೇಳು ಕಣ್ಣ ತುಂಬತೈತಿ ಖರೆ, ಆದರ ನಮ್ಮಲ್ಲಿ ಹಿಡಸೂದಿಲ್ಲ."

ಗುರುಸಿದ್ದವ್ವನ ಕೈ ಮೆಣಸಿನಕಾಯಿಯ ಮೇಲೇ ನಿಂತಿತು.

"ಹೂಂ, ಎತ್ತಿನೂ ನೋಡೇನಿ. ಭಾಳ ಹಗರ ಐತಿ."

ಗುರುಸಿದ್ದವ್ವ ಅರ್ಧ ಮೆಣಸಿನಕಾಯಿಯನ್ನು ಚೀಲದಲ್ಲೇ ಬಿಟ್ಟು ಕೆಳಗಿಳಿದಳು.

ಅವಳು ನೇರ ಸತ್ತೆವ್ವನ ಅಡುಗೆಮನೆಗೆ ಹೋಗಿ, ಹುಡುಗಿಯರ ಮನೆಗೆ ಹುಡುಗ ತಾನೇ ಹೋಗಿ ನೋಡಿಯೂ ಬಂದಿದ್ದಾನೆಂದೂ, ನೋಡುವುದರಲ್ಲಿ ಸ್ವಲ್ಪ ಮಿತಿ ಮೀರಿದಂತೆ ಕಾಣುತ್ತದೆಂದೂ ತಿಳಿಸಿದಳು. ಇಬ್ಬರೂ ಸೇರಿ ಗುರುಸಿದ್ದವ್ವನ ಗಂಡ ಮಹಾಂತಪ್ಪನನ್ನು ಎಬ್ಬಿಸಿದರು. ಆತ ದಾಂಡೇಲಿಯ ಕಾಗದದ ಕಾರ್ಖಾನೆಯಿಂದ ನಿವೃತ್ತನಾದವನು. ಕೆಲಸವಿಲ್ಲದ್ದರಿಂದ ಯಾವ ಕೆಲಸಕ್ಕಾದರೂ ಸಿಗುತ್ತಿದ್ದ. ಹುಡುಗನ ಮನಸ್ಸು ಯಾವುದರ ಮೇಲಿದೆಯೋ ಉಪಾಯದಿಂದ ತಿಳಿದು ಬಾ ಎಂದು ಅವನನ್ನು ಬಸ್‌ಸ್ಟ್ಯಾಂಡಿಗೆ ಅಟ್ಟಿದರು.

ಮೌನೇಶ ಅಲ್ಲಿ ಚಹಾದಂಗಡಿಯ ಬಾಕಿನ ಮೇಲೆ ಕುಳಿತು ರಸ್ತೆಯಾಚೆಯ ಅಂಗಡಿಯನ್ನು ನೋಡುತ್ತಿದ್ದ. ದಾಟಿ ಹೋಗಲು ಕಾಲು ಬರುತ್ತಿರಲಿಲ್ಲ. ಮಹಾಂತಪ್ಪ ಪಕ್ಕದಲ್ಲಿ ಕುಳಿತು, ಏನೂ ಅರಿಯದವನಂತೆ ಮುಖ ಮಾಡಿ, ಯಾವುದು ಪಾಸಾಯಿತು ಎಂದು ಕೇಳಿದ. ಮೌನೇಶನಿಗೆ ಆಶ್ಚರ್ಯವೇನೂ ಆಗಲಿಲ್ಲ. ಓಣಿಗೆ ತಿಳಿಯದ ವಿಷಯ ತನ್ನ ಮನೆಯಲ್ಲಿ ಯಾವತ್ತೂ ಇರಲಿಲ್ಲ.

"ಅದ ತಿಳಿವಲ್ದು ಕಾಕಾ."

"ಸಣ್ಣದು ತಂದ್ರ ಹೇಳಿದಂಗ ಕೇಳತೈತಿ," ಎಂದ ಮಹಾಂತಪ್ಪ. "ದೊಡ್ಡದು ತಂದ್ರ ಮನಿ ತುಂಬಿದಂಗ ಇರತೈತಿ. ನೀ ಯಾವುದು ತರಾಂವ?"

"ಯಾವುದ ತಂದ್ರೂ ಎರಡು ತರ್ತೇನ್ರಿ."

ಮಹಾಂತಪ್ಪನ ಚಹಾ ಬಸಿಯಿಂದ ಧೋತರಕ್ಕೆ ಇಳಿಯಿತು. "ಎರಡು?"

"ಒಂದರಾಗ ಸಾಗೂದಿಲ್ರಿ ಈಗ. ನಮ್ಮ ಆಫೀಸಿನ್ಯಾಗ ಎಲ್ಲಾರೂ ಎರಡೆರಡು ಇಟ್ಟಾರ. ಸಾಹೇಬ್ರು ಮೂರು."

"ಕಾಯ್ದೆ ಒಪ್ಪತೈತೇನೋ ತಮ್ಮಾ?"

"ಕಂಪನಿಯವರ ಬರದ ಕೊಟ್ಟಾರ್ರಿ. ಖರ್ಚೂ ಅವರದ."

ಮಹಾಂತಪ್ಪ ಧೋತರದ ಮೇಲಿನ ಚಹಾ ಒರೆಸಿಕೊಂಡ. ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದರೂ ವರ್ಷಕ್ಕೊಂದು ಕೊಡೆ ಕೊಟ್ಟದ್ದು ಬಿಟ್ಟರೆ ತನಗೆ ಯಾರೂ ಏನೂ ಮಂಜೂರು ಮಾಡಿರಲಿಲ್ಲ. ಆಮೇಲೆ ತಾಯಿ ಇದಕ್ಕೆ ಏನೆಂದಳು ಎಂದು ಮೆಲ್ಲಗೆ ಕೇಳಿದ.

"ಅವ್ವಗ ಧೂಳಿನ ಚಿಂತಿ," ಎಂದ ಮೌನೇಶ, ಕಣ್ಣು ರಸ್ತೆಯಾಚೆಗೇ ಇತ್ತು. "ಕೆಲಸ ಇಲ್ಲದಾಗ ಬಟ್ಟಿ ಹೊಚ್ಚಿ ಇಡು ಅಂದಾಳ."

ಮಹಾಂತಪ್ಪ ಚಪ್ಪಲಿ ಮೆಟ್ಟಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ವಯಸ್ಸಿಗೆ ಮೀರಿದ ವೇಗದಲ್ಲಿ ಮನೆಯ ಕಡೆ ಹೋದ.

ಮೌನೇಶ ಕೊನೆಗೆ ರಸ್ತೆ ದಾಟಿದ.

ಅಂಗಡಿಯಲ್ಲಿ ಶೈಲಶ್ರೀ ಒಬ್ಬಳೇ ಇದ್ದಳು. ಎರಡೂ ಮಾನಿಟರನ್ನು ಆಗಲೇ ಹಚ್ಚಿಟ್ಟಿದ್ದಳು. ಅದೇ ಕಾಡು, ಅದೇ ಹೊಳೆ. ಅವಳು ಎಂದಿನಂತೆ ಪಕ್ಕಕ್ಕೆ ನಿಂತಳು. ಆದರೆ ಇವತ್ತು ಅವಳು ಕೌಂಟರಿನ ಮೇಲಿನ ವೈರನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು.

"ಇವತ್ತ ಹೇಳ್ತೀರೇನ್ರಿ?" ಎಂದು ಕೇಳಿದಳು.

ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮೌನೇಶ ಹೇಳುತ್ತೇನೆ ಎಂದ. ಮೇಜು ಸಣ್ಣದಿದೆ, ಇಪ್ಪತ್ತೇಳು ಹಿಡಿಯುವುದಿಲ್ಲ, ಅದೊಂದು ಅಡಚಣೆ ಎಂದೆಲ್ಲ ತೊದಲಿದ.

"ಮೇಜ ಬದಲಿ ಮಾಡಬಹುದಲ್ರೀ," ಎಂದಳು ಅವಳು, ವೈರನ್ನೇ ನೋಡುತ್ತ.

ಈಗ. ಈಗಲೇ. ಮೌನೇಶ ಬಾಯಿ ತೆರೆದ. "ನಿಮ್ಮನ್ನ ಒಂದು ಕೇಳೂದಿತ್ರಿ" ಎನ್ನುವಷ್ಟು ಹೊರಬಂತು. ಉಳಿದದ್ದು ಏರುದಾರಿಯಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರಿನಂತೆ ಗಂಟಲಲ್ಲಿ ಹೊಗೆ ಬಿಡುತ್ತ ನಿಂತಿತು. ಅವಳು ವೈರು ಸುತ್ತುವುದನ್ನು ನಿಲ್ಲಿಸಿದಳು. ಕಾಯ್ದಳು.

ಅವನ ಕಿಸೆಯಲ್ಲಿ ಫೋನು ಕೂಗಿತು. ಅವ್ವ. ಕತ್ತರಿಸಿದ. ಮತ್ತೆ ಕೂಗಿತು. ಕತ್ತರಿಸಿದ. ಮೂರನೆಯ ಸಲ ಕೂಗಿದಾಗ ಶೈಲಶ್ರೀಯೇ, ಮನೆಯಲ್ಲಿ ಏನೋ ಏನು ಕತೆಯೋ, ಎತ್ತಿರಿ ಎಂದಳು.

"ಎರಡಂತ?" ಸತ್ತೆವ್ವನ ದನಿ ಅಂಗಡಿಯ ಹೊರಗಿನವರೆಗೂ ಕೇಳುವಂತಿತ್ತು. "ನಮ್ಮ ಮನಿತನದಾಗ ಯಾರ ಮಾಡ್ಯಾರ? ಗುರುಸಿದ್ದವ್ವ ಇಲ್ಲೇ ಕುಂತಾಳ. ಒಂದ ಹೇಳಿಬಿಡು. ಇಪ್ಪತ್ನಾಲ್ಕೋ ಇಪ್ಪತ್ತೇಳೋ?"

ವಾರವಿಡೀ ಟೇಪು ಹಿಡಿದು ಮನೆಯಲ್ಲಿ ಗೊಣಗುತ್ತ ಓಡಾಡಿದ್ದರ ಫಲ ಇದೆಂದು ಮೌನೇಶ ತಿಳಿದ. ಎದುರಿಗೆ ಶೈಲಶ್ರೀ ಕಾಯುತ್ತ ನಿಂತಿದ್ದಳು. ಅವನಿಗೆ ಬೇಕಾದದ್ದು ಆ ಫೋನು ಬಾಯಿ ಮುಚ್ಚುವುದು, ಅಷ್ಟೇ.

"ಇಪ್ಪತ್ನಾಲ್ಕು ಅವ್ವಾ. ಇಪ್ಪತ್ತೇಳು ಬ್ಯಾಡ. ನಮ್ಮ ಮನ್ಯಾಗ ಹಿಡಸೂದಿಲ್ಲ."

ಫೋನು ಕಿಸೆಗಿಟ್ಟು ಮುಖವೆತ್ತಿದಾಗ ಶೈಲಶ್ರೀ ಇಪ್ಪತ್ನಾಲ್ಕರ ಪೆಟ್ಟಿಗೆಗಳನ್ನು ತರಲು ಒಳಗೆ ಹೋಗಿದ್ದಳು. ಹೊರಗೆ ಬಂದು ಬಿಲ್ಲು ಬರೆಯತೊಡಗಿದಳು. ನಡುವೆ ಅವಳ ಫೋನೂ ಬಂತು. ತಾಯಿಯದಿರಬೇಕು. ಅವಳು ಬರೀ ಹೂಂ ಎಂದಳು. ಸ್ವಲ್ಪ ತಡೆದು ಇನ್ನೊಮ್ಮೆ ಹೂಂ ಎಂದಳು. ಫೋನನ್ನು ಕೌಂಟರಿನ ಮೇಲೆ ಬೋರಲು ಹಾಕಿ, ಬಿಲ್ಲು ಮುಗಿಸಿ, ಅವನ ಮುಖ ನೋಡದೆ ಮುಂದಕ್ಕೆ ಸರಿಸಿದಳು. ಏನೋ ಕೇಳುವುದಿದೆ ಎಂದಿದ್ದಿರಲ್ಲ ಎಂದು ಅವಳು ನೆನಪಿಸಲಿಲ್ಲ. ಗ್ಯಾರಂಟಿ ಎಷ್ಟು ವರ್ಷ ಎಂದು ಮೌನೇಶ ಕೇಳಿದ. ಪೆಟ್ಟಿಗೆಯ ಮೇಲಿದೆ ಎಂದಳು.

ಆಟೋದಲ್ಲಿ ಪೆಟ್ಟಿಗೆಗಳ ಜೊತೆ ಮನೆಗೆ ಬಂದಾಗ ಹೊಸ್ತಿಲಲ್ಲೇ ಸತ್ತೆವ್ವ ಒಂದು ಹಿಡಿ ಸಕ್ಕರೆಯನ್ನು ಅವನ ಬಾಯಿಗೆ ತುರುಕಿದಳು. ಒಳಗೆ ಮಹಾಂತಪ್ಪ ಸಕ್ಕರೆ ತಿನ್ನುತ್ತ ಕುಳಿತಿದ್ದ. ಒಂದೇ ಸಾಕೆಂದು ಒಪ್ಪಿದ್ದಕ್ಕೆ ಮೆಚ್ಚಿ ತಲೆಯಾಡಿಸಿದ. ಗುರುಸಿದ್ದವ್ವ ಈಗ ಹೆಸರು ಹೇಳಲು ಅಡ್ಡಿಯಿಲ್ಲವೆಂದು ಹೇಳಿದಳು. ತೇರಗಾಂವದ ಬಸಲಿಂಗಯ್ಯನವರ ಮಗಳು, ಐಶ್ವರ್ಯಾ, ಇಪ್ಪತ್ನಾಲ್ಕು. ಅವರ ಮನೆಯಲ್ಲೂ ಇಷ್ಟೊತ್ತಿಗೆ ಸಕ್ಕರೆ ಹಂಚಿಯಾಗಿದೆ. ನಾಳೆ ಹಿರಿಯರು ಬರುತ್ತಾರೆ.

ಮೌನೇಶ ಸಕ್ಕರೆ ತುಂಬಿದ ಬಾಯಿಂದ ಏನೋ ಅಂದ. ಯಾರಿಗೂ ತಿಳಿಯಲಿಲ್ಲ. ಕಷ್ಟಪಟ್ಟು ನುಂಗಿ, ಇಪ್ಪತ್ತೇಳು ಯಾರು ಎಂದು ಕೇಳಿದ.

"ಮುರದ ಮಾತಿನ ಹೆಸರ ನಾ ಹೇಳೂದಿಲ್ಲಪ್ಪಾ," ಎಂದಳು ಗುರುಸಿದ್ದವ್ವ ಗಂಭೀರವಾಗಿ. "ಬಸ್‌ಸ್ಟ್ಯಾಂಡ್ ಎದುರಿಗಿನ ಕಂಪ್ಯೂಟರ್ ಅಂಗಡಿದು ಅಂತ ಅಷ್ಟ ಹೇಳ್ತೇನಿ. ಪಾಪ, ಅದ ತಾನ ಹೇಳಿ ಕಳಿಸಿತ್ತು. ಹುಡುಗ ದಿನಾ ಬರ್ತಾನ, ಬಾಯಿ ಬಿಡೂದಿಲ್ಲ, ನೀವರ ಕೇಳ್ರಿ ಅಂತ."

ಆಟೋದವನು ಇನ್ನೂ ಪೆಟ್ಟಿಗೆ ಇಳಿಸಿರಲಿಲ್ಲ. ಮೌನೇಶ ತಿರುಗಿ ಅದರೊಳಗೆ ಕುಳಿತ. ಎಲ್ಲಿಗೆಂದು ಸತ್ತೆವ್ವ ಕೂಗಿ ಕೇಳಿದಳು.

"ಬದಲಿ ಮಾಡಾಕ."

"ಬದಲಿ ಆಗೂದಿಲ್ಲೋ," ಎಂದು ಗುರುಸಿದ್ದವ್ವ ಆಟೋದ ಹಿಂದೆ ನಾಲ್ಕು ಹೆಜ್ಜೆ ಬಂದಳು. "ಮಾತ ಕೊಟ್ಟೇನಿ ನಾ."

ದಾರಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಅದು ಸರಿಯುವ ತನಕ ಮೌನೇಶ ವಾಕ್ಯ ಕಟ್ಟಿದ, ಒಡೆದ, ಮತ್ತೆ ಕಟ್ಟಿದ. ನಾಳೆ ಬರುವ ಹಿರಿಯರ ಮುಂದೆ ತಾನು ಮಣ್ಣು ತಿನ್ನಲೂ ತಯಾರು. ಆದರೆ ಮೊದಲು ಇಲ್ಲಿ ಹೇಳಬೇಕು.

ಅಂಗಡಿಯಲ್ಲಿ ಮಾನಿಟರುಗಳನ್ನು ಆರಿಸಿದ್ದರು. ಶೈಲಶ್ರೀ ಅವನನ್ನೂ ಅವನ ಹಿಂದೆ ಆಟೋದವನು ತಂದಿಟ್ಟ ಪೆಟ್ಟಿಗೆಗಳನ್ನೂ ನೋಡಿದಳು.

"ತಪ್ಪಾತ್ರಿ," ಎಂದ ಮೌನೇಶ. "ನನಗ ಬೇಕಾದದ್ದು ಇಪ್ಪತ್ನಾಲ್ಕು ಅಲ್ಲ."

"ಮತ್ತ?"

"ಇಪ್ಪತ್ತೇಳು."

ಜೀವಮಾನದಲ್ಲಿ ಅವನು ಆಡಿದ ಅತಿ ದೊಡ್ಡ ಮಾತು ಅದು. ಆಡಿ ಮುಗಿಸಿ ಕೌಂಟರಿನ ಅಂಚನ್ನು ಹಿಡಿದುಕೊಂಡ. ಅವಳು ಅವನನ್ನೇ ನೋಡಿದಳು.

"ಖರೇನ?"

"ಖರೇನ್ರಿ. ಮೊದಲಿನಿಂದಲೂ ಅದ ಬೇಕಾಗಿತ್ತು."

"ಮನ್ಯಾಗ ಹಿಡಸೂದಿಲ್ಲ ಅಂದಿದ್ರಿ."

"ಮೇಜ ಬದಲಿ ಮಾಡ್ತೇನ್ರಿ."

ಅವಳು ಅವನು ತಂದ ಪೆಟ್ಟಿಗೆಗಳನ್ನು ಕೌಂಟರಿನ ಪಕ್ಕಕ್ಕೆ ಎಳೆದಿಟ್ಟಳು. ಆಮೇಲೆ ಒಳಗೆ ಹೋಗಿ ಒಂದು ದೊಡ್ಡ ಪೆಟ್ಟಿಗೆ ತಂದಿಟ್ಟಳು. ಮತ್ತೆ ಹೋಗಿ ಇನ್ನೊಂದು ತಂದಿಟ್ಟಳು. ಹಳೆಯ ಬಿಲ್ಲನ್ನು ಹರಿದು, ಪೆನ್ನು ತೆಗೆದುಕೊಂಡಳು.

"ಇದ ಮಾತ ಮೊದಲ ಹೇಳಿದ್ರ ಛಲೋ ಇತ್ತ್ರಿ," ಎಂದಳು ಬರೆಯುತ್ತ. "ಸುಮ್ನ ಬಿಲ್ಲ ಕೆಟ್ಟಿತು."

ಮೌನೇಶ ಬಿಲ್ಲು ಮಡಿಸಿ ಕಿಸೆಗಿಟ್ಟುಕೊಂಡ. ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಮೆಟ್ಟಿಲಿಳಿದ. ತಾನು ಕೇಳಿದ್ದು ಮಾನಿಟರನ್ನಲ್ಲ ಎಂದು ಅವನು ಅವಳಿಗೆ ಹೇಳಲಿಲ್ಲ.