ಒಂದು ಅಂಕಕ್ಕೆ ಹೋದ ಲಿಫ್ಟರ್

ತೂಕದ ವಿಷಯದಲ್ಲಿ ನನ್ನನ್ನು ಯಾರೂ ಪ್ರಶ್ನಿಸುವಂತಿಲ್ಲ. ಗಿಣಿಗೇರಾದ ಒಂದು ಕಬ್ಬಿಣದ ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ಕೆಲಸ ನನ್ನದು. ಹತ್ತೊಂಬತ್ತು ವರ್ಷದಿಂದ ತೂಗುತ್ತಿದ್ದೇನೆ. ಲಾರಿ ತಿರುವಿನಲ್ಲಿ ಕಾಣಿಸಿದ ಕೂಡಲೇ ಟೈರು ನೋಡಿ ‘ಇಪ್ಪತ್ತೆಂಟು ಟನ್’ ಎಂದುಬಿಡುತ್ತೇನೆ. ಕಾಟಾದ ಮೇಲೆ ಹತ್ತಿಸಿದರೆ ಇಪ್ಪತ್ತೆಂಟೇ! ಹೀಗಿರುವಾಗ ಎಪ್ಪತ್ತು ಕಿಲೋ ತೂಗುವ ಒಬ್ಬ ಆಟಗಾರನ ಬೆಲೆ ಅಳೆಯುವುದು ಯಾವ ಮಹಾ ಕೆಲಸ? ಕೊಪ್ಪಳದ ವಾಲಿಬಾಲ್ ತಂಡಕ್ಕೆ ಮ್ಯಾನೇಜರ್ ಆಗು ಎಂದು ಗೆಳೆಯರು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡೆ. ಉಳಿದವರೆಲ್ಲ ಒಂದು ಕ್ಷಣ ಯೋಚಿಸಿ ಬೇಡವೆಂದಿದ್ದರು ಎನ್ನುವುದು ಆಮೇಲೆ ತಿಳಿಯಿತು.

ನಮ್ಮ ಕಡೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಂಡಗಳು ವರ್ಷಕ್ಕೊಮ್ಮೆ ಒಂದು ಕಪ್ಪಿಗಾಗಿ ವಾಲಿಬಾಲ್ ಆಡುತ್ತವೆ. ಮೊದಲೆಲ್ಲ ಆಯಾ ಊರಿನವರು ಆಯಾ ಊರಿಗೆ ಆಡುತ್ತಿದ್ದರು. ಈಗ ಕಾಲ ಬದಲಾಗಿದೆ, ನಮಗೂ ಹರಾಜು ಬಂದಿದೆ. ದುಡ್ಡಿನದಲ್ಲ, ಅಂಕಗಳದ್ದು. ಒಂದೊಂದು ತಂಡಕ್ಕೆ ನೂರು ಅಂಕ. ಅಷ್ಟರಲ್ಲೇ ಎಂಟು ಜನರನ್ನು ಕೊಳ್ಳಬೇಕು. ಯಾರಿಗೂ ಐದಕ್ಕಿಂತ ಕಡಿಮೆ ಕೂಗುವಂತಿಲ್ಲ. ಹಳೆಯ ಆಟಗಾರನೊಬ್ಬನನ್ನು ಹರಾಜಿಗೆ ಬಿಡದೆ ಉಳಿಸಿಕೊಳ್ಳಬೇಕೆಂದರೆ ಅವನಿಗೆ ಮೂವತ್ತು ಅಂಕ ಬರೆದುಕೊಡಬೇಕು.

ನಮ್ಮ ಹಳೆಯ ಆಟಗಾರ ಎಂದರೆ ಖಾಜಾಸಾಬ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಮ್ಮದೇ ಓಣಿಯವನು. ಕಿಟಕಿ, ಗೇಟು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಹನ್ನೊಂದು ವರ್ಷದಿಂದ ನಮ್ಮ ತಂಡದ ಲಿಫ್ಟರ್. ಅಂದರೆ ಬಲೆಯ ಪಕ್ಕ ನಿಂತು, ಬಂದ ಚೆಂಡನ್ನು ಹೊಡೆಯುವವನಿಗೆ ಹದವಾಗಿ ಎತ್ತಿಕೊಡುವವನು. ಹೊಡೆದವನಿಗೆ ಚಪ್ಪಾಳೆ, ಎತ್ತಿಕೊಟ್ಟವನಿಗೆ ಬೆವರು. ಆದರೆ ಇಡೀ ಆಟ ನಡೆಯುವುದು ಅವನ ಬೆರಳ ತುದಿಯಲ್ಲಿ.

ಖಾಜಾನಿಗೆ ಮೂವತ್ತೆಂಟಾಗಿತ್ತು. ನಾನು ಮನಸ್ಸಿನಲ್ಲೇ ಅವನನ್ನು ಕಾಟಾದ ಮೇಲೆ ಹತ್ತಿಸಿದೆ. ಈ ವಯಸ್ಸಿನವನನ್ನು ಬೇರೆ ಯಾರು ಕೊಳ್ಳುತ್ತಾರೆ? ಹರಾಜಿಗೆ ಬಿಟ್ಟು, ಯಾರೂ ಕೂಗದಾಗ ಐದಕ್ಕೆ ತಂದರೆ ಇಪ್ಪತ್ತೈದು ಅಂಕ ಉಳಿಯಿತು! ಆ ಉಳಿತಾಯದಲ್ಲಿ ಯಲಬುರ್ಗಾದ ಪ್ರವೀಣನನ್ನು ತರಬಹುದು. ಪ್ರವೀಣನೂ ಲಿಫ್ಟರೇ. ಇಪ್ಪತ್ಮೂರರ ಹುರಿಯಾಳು, ಚಿಗರೆಯಂತೆ ಜಿಗಿಯುತ್ತಾನೆ. ಒಬ್ಬ ಆಡಲಿ, ಇನ್ನೊಬ್ಬ ಅವನಿಗೆ ಕಲಿಸಲಿ. ಇಂಥ ಯೋಜನೆ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಉಳಿದವರ ಬಗ್ಗೆ ಕನಿಕರವಾಯಿತು.

ಯೋಜನೆಯನ್ನು ಮೊದಲು ಖಾಜಾನಿಗೇ ಹೇಳಿದೆ. ಅಂಗಡಿಯಲ್ಲಿ ಗೇಟಿಗೆ ಬೆಸುಗೆ ಹಾಕುತ್ತಿದ್ದವನು ಮುಖದ ಗುರಾಣಿ ಮೇಲೆತ್ತಿ ಪೂರ್ತಿ ಕೇಳಿಸಿಕೊಂಡ.

“ಅಂದ್ರ ಮಲ್ಲಣ್ಣ, ನನ್ನ ಕಿಮ್ಮತ್ತು ಐದೇನು?”

“ಕಿಮ್ಮತ್ತಲ್ಲೋ ಮಾರಾಯ, ಇದು ಯುಕ್ತಿ! ನೀ ಎಲ್ಲಿ ಹೊಕ್ಕಿ? ನಮ್ಮ ಕಡೇನ ಇರ್ತಿ.”

“ನೀ ಮ್ಯಾನೇಜರ. ನಿನಗ ಹೆಂಗ ಅನ್ನಸ್ತೈತಿ ಹಂಗ ಮಾಡು” ಎಂದು ಗುರಾಣಿ ಇಳಿಸಿಕೊಂಡು ಕಿಡಿ ಹಾರಿಸತೊಡಗಿದ. ಮುಖ ಕಾಣಲಿಲ್ಲ. ಒಪ್ಪಿದ್ದಾನೆ ಎಂದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಗಿರಿಜಾ ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ನನ್ನ ಹೆಂಡತಿ ವಾಲಿಬಾಲ್ ಮುಟ್ಟಿದವಳಲ್ಲ. ಆದರೂ ಸೌಜನ್ಯಕ್ಕಾಗಿ ಅವಳಿಗೂ ವಿವರಿಸಿದೆ.

“ಆ ಪ್ರವೀಣಗ ಎಷ್ಟು ಹಾಕಾವ್ರು ನೀವು?”

“ಎಷ್ಟಾದ್ರೂ ಆಗ್ಲಿ. ಅಂಥಾ ಮನಿಷ್ಯಾ ಮತ್ತ ಸಿಗಂಗಿಲ್ಲ.”

“ಅಲ್ರೀ, ಎಲ್ಲಾ ಎಣ್ಣಿ ಒಂದ ಬಜ್ಜಿಗೆ ಸುರುವಿದ್ರ ಉಳಿದ ಬಜ್ಜಿ ನೀರಾಗ ಕರೀತೀರೇನು?”

ಅಡುಗೆಮನೆಯ ಲೆಕ್ಕ ಬೇರೆ, ತಂಡ ಕಟ್ಟುವ ಲೆಕ್ಕ ಬೇರೆ ಎಂದು ಅವಳಿಗೆ ಗಂಭೀರವಾಗಿ ತಿಳಿಸಿ ಮೂರು ಬಜ್ಜಿ ತಿಂದೆ.

ಹರಾಜು ಒಂದು ಭಾನುವಾರ ಮುಂಜಾನೆ, ಕುಷ್ಟಗಿಯ ಒಂದು ಕಲ್ಯಾಣ ಮಂಟಪದಲ್ಲಿ. ಕೂಗಲು ನಿಂತವರು ನಿವೃತ್ತ ಪಿ.ಟಿ. ಮಾಸ್ತರು. ಆಟಗಾರರೆಲ್ಲ ಹಿಂದೆ ಬೆಂಚಿನ ಮೇಲೆ, ನಾವು ನಾಲ್ವರು ಮ್ಯಾನೇಜರುಗಳು ಮುಂದೆ ಕುರ್ಚಿಯ ಮೇಲೆ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೋಗಿದ್ದೆ.

ಮಾಸ್ತರು ಡಬ್ಬಿಯಿಂದ ತೆಗೆದ ಮೊದಲ ಚೀಟಿಯೇ ಪ್ರವೀಣ!

ಕುಷ್ಟಗಿಯವರು ಮೂವತ್ತಕ್ಕೆ ಸುಮ್ಮನಾದರು. ಗಂಗಾವತಿಯ ಮ್ಯಾನೇಜರು ಅಕ್ಕಿ ಗಿರಣಿಯ ಸಾಹುಕಾರರು, ಅವರು ನಲವತ್ತಕ್ಕೆ ಕೈ ಕಟ್ಟಿ ಕೂತರು. ಯಲಬುರ್ಗಾದವರು ತಮ್ಮೂರಿನ ಹುಡುಗನನ್ನು ಬಿಡಲಾರದೆ ‘ಐವತ್ತೆರಡು’ ಎಂದರು. ಈಗ ನಾನು ಐವತ್ತಮೂರು ಎನ್ನಬೇಕಿತ್ತು. ಲೋಕರೂಢಿ ಹಾಗೆಯೇ ಇದೆ. ಆದರೆ ಹಿಂದಿನ ಬೆಂಚಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಂಗಿ ಬೇರೆ ಗರಿಗರಿಯಾಗಿತ್ತು. ಎದ್ದು ನಿಂತು ಘೋಷಿಸಿದೆ.

“ಅರವತ್ತೈದು!”

ಸಭೆ ಸ್ತಬ್ಧವಾಯಿತು. ಇದು ಮೆಚ್ಚುಗೆಯ ಮೌನ ಎಂದು ಭಾವಿಸಿ ನಾನು ಎಲ್ಲರಿಗೂ ಕೈ ಮುಗಿದೆ. ಯಲಬುರ್ಗಾದ ಮ್ಯಾನೇಜರು ನನ್ನ ಕಡೆ ಬಾಗಿ, “ನಾ ಐವತ್ತೆರಡಕ್ಕ ನಿಂದ್ರಾವಿದ್ನಿರಿ” ಎಂದು ಕಿವಿಯಲ್ಲಿ ಹೇಳಿದರು. ಮಾಸ್ತರು ಕಾಗದದಲ್ಲಿ ಕಳೆದು, ಭಾಗಿಸಿ, ಕನ್ನಡಕ ಏರಿಸಿದರು.

“ಮಲ್ಲಣ್ಣಾರ, ನಿಮ್ಮ ಹತ್ರ ಮೂವತ್ತೈದು ಉಳದಾವ. ಇನ್ನ ಕೊಳ್ಳಬೇಕಾದವ್ರು ಏಳು ಮಂದಿ. ತಲಿಗೆ ಐದೈದ ನೋಡ್ರಿ. ಇನ್ನ ನೀವು ಆರು ಅಂತ ಬಾಯಿ ತಗೆಯಂಗಿಲ್ಲ.”

ಅಂದಿನಿಂದ, ಅಂದರೆ ಆ ಕ್ಷಣದಿಂದ ಮಧ್ಯಾಹ್ನದ ಊಟದವರೆಗೆ, ನನಗೆ ಉಳಿದ ಶಬ್ದಭಂಡಾರ ಒಂದೇ: ‘ಐದು.’ ಒಳ್ಳೆಯ ಸ್ಮ್ಯಾಷರ್‌ಗಳು, ಅಂದರೆ ಜಿಗಿದು ಚೆಂಡು ಹೊಡೆಯುವವರು, ಒಬ್ಬೊಬ್ಬರಾಗಿ ಬಂದರು. ನಾನು ‘ಐದು’ ಎಂದೆ. ಪಕ್ಕದವರು ‘ಆರು’ ಎಂದರು. ಮುಗಿಯಿತು. ಗಡಿಯಾರದ ಹಾಗೆ ನಾನೊಬ್ಬನೇ ಐದು, ಐದು ಎಂದು ಬಡಿಯುತ್ತಿದ್ದೆ!

ಹೋಗಲಿ, ಖಾಜಾ ಇದ್ದಾನಲ್ಲ ಎಂದು ಧೈರ್ಯ ತಂದುಕೊಂಡೆ. ಅವನ ಚೀಟಿ ಬಂದಾಗ ಮಾಸ್ತರು “ಭಾಗ್ಯನಗರದ ಖಾ...” ಎನ್ನುವಷ್ಟರಲ್ಲಿ ನಾನು ಕುರ್ಚಿ ಕೆಡವಿಕೊಂಡು ಎದ್ದು ನಿಂತು, ಎರಡೂ ಕೈ ಎತ್ತಿ, “ಐದು!” ಎಂದು ಕಿರುಚಿದೆ. ಮಂಟಪದ ಗೋಡೆಗಳು ‘ಐದು’ ಎಂದವು.

ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದ ಗಂಗಾವತಿಯ ಸಾಹುಕಾರರು ತಲೆಯೆತ್ತಿದರು. ನನ್ನನ್ನು ನೋಡಿದರು. ಹಿಂದೆ ತಿರುಗಿ ಖಾಜಾನನ್ನು ನೋಡಿದರು.

“ಆರು.”

ನಾನು ಬಾಯಿ ತೆರೆದೆ. ಮಾಸ್ತರು ಬೆರಳು ತೋರಿಸಿದರು. ಬಾಯಿ ಮುಚ್ಚಿದೆ. ಹನ್ನೊಂದು ವರ್ಷದ ನಮ್ಮ ಲಿಫ್ಟರ್ ಒಂದೇ ಒಂದು ಅಂಕಕ್ಕೆ ಗಂಗಾವತಿಗೆ ಹೋದ.

ಊಟದ ಹೊತ್ತಿಗೆ ಸಾಹುಕಾರರನ್ನು ಹಿಡಿದು ಕೇಳಿದೆ. “ಅಲ್ರೀ ಸಾಹುಕಾರ್ರ, ನಿಮಗ ಅವನ ಆಟ ಗೊತ್ತಿತ್ತೇನ್ರಿ?”

“ನಂಗೇನು ಗೊತ್ತ್ರಿ? ನೀವು ಕುರ್ಚಿ ಬೀಳಿಸ್ಕಂಡು ಒದರಿದ್ರಿ ನೋಡ್ರಿ, ಏನೋ ಭಾಳ ಛಲೋ ಮಾಲು ಇರಬೇಕು ಅಂತ ತಗಂಡೆ.”

ಆ ದಿನ ಖಾಜಾ ನನ್ನ ಬೈಕಿನ ಹಿಂದೆಯೇ ಕೂತು ಬಂದಿದ್ದ. ವಾಪಸ್ಸೂ ಹಾಗೆಯೇ ಹೋಗಬೇಕಲ್ಲ! ಕುಷ್ಟಗಿ ದಾಟಿ ಬಹಳ ದೂರ ಬಂದೆವು. ಕೊನೆಗೆ ನಾನೇ ಬೈಕು ನಿಲ್ಲಿಸಿದೆ.

“ತಪ್ಪಾತೋ ಖಾಜಾ. ನಿನ್ನ ಹಂಗ ಬಿಡಬಾರದಿತ್ತು.”

ಅವನು ಬೈಕಿನಿಂದ ಇಳಿದ. ಆಮೇಲೆ ನಕ್ಕ. “ಇರ್ಲಿ ಬಿಡು ಮಲ್ಲಣ್ಣ. ನಿನ್ನ ಕಡೆ ಐದಿದ್ದೆ, ಅಲ್ಲಿ ಆರಾತು. ಬಡ್ತಿ ಸಿಕ್ಕಂಗಾತು!”

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಇನ್ನು ನನ್ನ ತಂಡ. ಬೇರೆ ಯಾರಿಗೂ ಬೇಡವಾದವರನ್ನು ಐದೈದಕ್ಕೆ ಆರಿಸಿ ಎಂಟು ತುಂಬಿಸಿದ್ದೆ. ಮೊದಲ ದಿನದ ಅಭ್ಯಾಸಕ್ಕೆ ಸಾಲಾಗಿ ನಿಲ್ಲಿಸಿ, “ಲಿಫ್ಟರ್‌ಗಳು ಒಂದು ಹೆಜ್ಜಿ ಮುಂದ ಬರ್ರಿ” ಎಂದೆ. ಐದು ಜನ ಮುಂದೆ ಬಂದರು! ಎತ್ತಿಕೊಡುವವರು ಐವರು, ಹೊಡೆಯುವವರು ಮೂವರು. ಆ ಮೂವರಲ್ಲಿ ಒಬ್ಬರು ನನಗಿಂತ ಎರಡು ವರ್ಷ ದೊಡ್ಡವರು, ಜಿಗಿಯುವ ಮೊದಲು ಮೊಣಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಪ್ರವೀಣನ ಆಟದಲ್ಲಿ ಮಾತ್ರ ಒಂದು ಕೊರತೆಯೂ ಇರಲಿಲ್ಲ. ಅವನು ಎತ್ತಿಕೊಟ್ಟ ಚೆಂಡು ಬಲೆಯ ಮೇಲೆ ಸುಂದರವಾಗಿ ಏರುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಅಷ್ಟೇ ಸುಂದರವಾಗಿ ಇಳಿಯುತ್ತಿತ್ತು. ಎರಡು ಪಂದ್ಯ ಸೋತ ಮೇಲೆ ಅವನೇ ಹತ್ತಿರ ಬಂದು ಕೇಳಿದ. “ಸರ, ನಾ ಯಾರಿಗೆ ಎತ್ಲಿರಿ?” ಹತ್ತೊಂಬತ್ತು ವರ್ಷದಲ್ಲಿ ಯಾವ ಲಾರಿ ಡ್ರೈವರನೂ ನನ್ನನ್ನು ಇಷ್ಟು ಕಠಿಣವಾದ ಪ್ರಶ್ನೆ ಕೇಳಿರಲಿಲ್ಲ.

ಕೊನೆಯ ಪಂದ್ಯ ಗಂಗಾವತಿಯಲ್ಲಿ, ಗಂಗಾವತಿಯ ಮೇಲೆ. ಅವರು ಗೆದ್ದರೆ ಕಪ್ಪು ಅವರದು. ನಾವು ಗೆದ್ದರೆ ಏನೂ ಇಲ್ಲ, ಒಂದಿಷ್ಟು ಮರ್ಯಾದೆ. ಆ ಮರ್ಯಾದೆಗೂ ಜನ ಸಾಲಲಿಲ್ಲ. ಒಬ್ಬನಿಗೆ ಕಾರ್ಖಾನೆಯಲ್ಲಿ ಶಿಫ್ಟು ಬಿತ್ತು. ಇನ್ನೊಬ್ಬ ಹೆಣ್ಣು ನೋಡಲು ಹುಲಿಹೈದರಕ್ಕೆ ಹೋದ. ಮೂರನೆಯವನು ಹೊಸ ಬೂಟು ಹಾಕಿಕೊಂಡು ಬಸ್ಸಿನಿಂದ ಇಳಿಯುವಾಗಲೇ ಕಾಲು ಉಳುಕಿಸಿಕೊಂಡ. ಉಳಿದವರು ಐವರು. ಆರು ಜನರಿಲ್ಲದಿದ್ದರೆ ಮ್ಯಾನೇಜರ್ ಆಡಬಹುದು ಎಂಬ ನಿಯಮವನ್ನು ಯಾವ ಪುಣ್ಯಾತ್ಮ ಬರೆದಿದ್ದನೋ!

ನಲವತ್ತಾರನೇ ವಯಸ್ಸಿನಲ್ಲಿ, ಕಾಲು ಉಳುಕಿದವನ ಜರ್ಸಿಯಲ್ಲಿ, ನಾನು ಅಂಕಣಕ್ಕಿಳಿದೆ. ಜರ್ಸಿ ನನ್ನ ಹೊಟ್ಟೆಯ ಅರ್ಧ ದಾರಿಯವರೆಗೆ ಮಾತ್ರ ಬಂತು.

ಬಲೆಯ ಆಚೆ ಸರ್ವ್ ಮಾಡಲು ನಿಂತವನು ಖಾಜಾ. ಇಪ್ಪತ್ತು ವರ್ಷದ ಗೆಳೆತನ, ಅವನು ಮೋಸ ಮಾಡುವವನಲ್ಲ. “ಮಲ್ಲಣ್ಣ, ನಿನ್ನ ಕಡೆ ಬರಾಕತ್ತೈತಿ ನೋಡು!” ಎಂದು ಮೊದಲೇ ಕೂಗಿ ಹೇಳಿದ. ಚೆಂಡು ಬಂತು. ನಾನು ಎರಡೂ ಕೈ ಜೋಡಿಸಿ ನಿಂತೆ. ಚೆಂಡು ಕೈ ದಾಟಿ ಹಿಂದೆ ಬಿತ್ತು. “ಮತ್ತ ನಿನ್ನ ಕಡೇನ!” ಎಂದ. ಮತ್ತೆ ಬಿತ್ತು. ಮೂರನೆಯ ಸಲವೂ ಹೇಳಿದ. ನೋಡುವವರು, “ಇನ್ನ ಚೀಟಿ ಬರದು ಕಳಸಪಾ!” ಎಂದು ನಕ್ಕರು.

ನಾಲ್ಕನೆಯದು ನೇರ ನನ್ನ ಎದೆಗೆ ಬಡಿದು ಆಕಾಶಕ್ಕೇರಿತು. ನೋಡುತ್ತೇನೆ, ಬಲೆಯ ಆಚೆಗೇ ಹೋಗುತ್ತಿದೆ! ಅಲ್ಲಿ ಯಾರೂ ಇಲ್ಲ! ನನ್ನ ಜೀವನದ ಮೊದಲ ಅಂಕ! ಹರ್ಷ ತಡೆಯದೆ ಎರಡೂ ಕೈ ಮೇಲೆತ್ತಿ ಮುಂದಕ್ಕೆ ಓಡಿದೆ. ಎಷ್ಟು ಓಡಬೇಕೆಂದು ಯೋಚಿಸಿರಲಿಲ್ಲ. ಚೆಂಡು ನೆಲ ಮುಟ್ಟುವ ಮೊದಲೇ ನಾನು ಬಲೆ ಮುಟ್ಟಿದೆ. ಮುಟ್ಟಿದೆ ಎಂದರೆ ಸಭ್ಯ ಮಾತಾಯಿತು, ಮೀನಿನ ಹಾಗೆ ಸಿಕ್ಕಿಬಿದ್ದೆ. ರೆಫರಿ ಸೀಟಿ ಊದಿ ಅಂಕವನ್ನು ಗಂಗಾವತಿಗೆ ಕೊಟ್ಟರು. ನನ್ನನ್ನು ಬಲೆಯಿಂದ ಬಿಡಿಸಿದವನೂ ಖಾಜಾನೇ.

“ಮೊಣಕಾಲಿಗೆ ಪೆಟ್ಟಾತೇನು?”

“ಮೊಣಕಾಲಿಗಷ್ಟ ಅಲ್ಲಪಾ” ಎಂದೆ. ಇಬ್ಬರೂ ಬಲೆಯ ಕೆಳಗೆ ಕೂತು ಹೊಟ್ಟೆ ಹಿಡಿದು ನಕ್ಕೆವು. ರೆಫರಿ ಎರಡು ಸಲ ಸೀಟಿ ಊದಬೇಕಾಯಿತು.

ಗಂಗಾವತಿ ಗೆದ್ದಿತು. ನಾವು ನಾಲ್ಕು ತಂಡಗಳಲ್ಲಿ ನಾಲ್ಕನೆಯವರಾದೆವು. ಪಂದ್ಯದ ಒಳ್ಳೆಯ ಆಟಗಾರನೆಂದು ಗಂಗಾವತಿಯವರು ಖಾಜಾನನ್ನು ಹೊತ್ತು ಕುಣಿದರು. ಸಾಹುಕಾರರು, “ಈ ಕಪ್ಪು ಇವತ್ತು ನಿಮ್ಮ ಮನ್ಯಾಗ ಇರ್ಲಿ ಖಾಜಾಸಾಬ್, ನಾಳಿ ಕಳಿಸ್ರಿ” ಎಂದು ಅವನ ಕೈಗೇ ಕೊಟ್ಟರು. ನನ್ನ ಮೊಣಕಾಲು ಬಾತಿದ್ದರಿಂದ ನನ್ನ ಬೈಕನ್ನು ಖಾಜಾನೇ ಓಡಿಸಿದ. ನಾನು ಹಿಂದೆ ಕಪ್ಪು ತಬ್ಬಿಕೊಂಡು ಕೂತೆ. ಸಂಜೆಯ ಗಾಳಿ ಹಿತವಾಗಿತ್ತು. ಬಹಳ ದಿನದ ಮೇಲೆ ಮನಸ್ಸೂ ಹಗುರವಾಗಿತ್ತು.

ಭಾಗ್ಯನಗರದ ಓಣಿಗೆ ಬಂದಾಗ ಇನ್ನೂ ಬೆಳಕಿತ್ತು. ಮಂದಿ ಹೊರಗೆ ನಿಂತಿದ್ದರು. ಕಪ್ಪು ನೋಡಿ ಚಪ್ಪಾಳೆ ತಟ್ಟಿದರು. ಗಿರಿಜಾ ಚೆಂಡುಹೂವಿನ ಮಾಲೆ ಹಿಡಿದು ಮುಂದೆ ಬಂದಳು. ಪಾಪ, ಇವರಿಗೆಲ್ಲ ಯಾರು ಗೆದ್ದರೆಂಬುದು ಗೊತ್ತಿಲ್ಲ, ಈಗಲೇ ಹೇಳಿ ಅವರ ಸಂತೋಷ ಏಕೆ ಕೆಡಿಸಬೇಕು ಎಂದು ನಾನು ವಿನಯದಿಂದ ತಲೆ ಬಾಗಿಸಿದೆ. ಮಾಲೆ ಕೊರಳಿಗೆ ಬಿತ್ತು.

“ಯಾರು ಗೆದ್ರಂತ ಕೇಳೂದಿಲ್ಲೇನು?” ಎಂದೆ.

“ಕೇಳೂದೇನೈತ್ರಿ? ಮಧ್ಯಾಹ್ನನ ಎಲ್ಲಾರ ಮೊಬೈಲಿಗೂ ವಿಡಿಯೊ ಬಂದೈತಿ. ನೀವು ಬಲಿಯಾಗ ಸಿಕ್ಕಿದ್ದು ಓಣಿ ಮಂದಿ ನಾಕ ನಾಕ ಸಲ ನೋಡ್ಯಾರ.”

“ಹಂಗಾದ್ರ ಈ ಮಾಲಿ?”

“ಅದು ಖಾಜಾಭಾಯಿಗೆ ತಂದಿದ್ನಿರಿ. ನೀವು ನಡುವ ಕುತ್ತಿಗಿ ಚಾಚಿದ್ರಿ. ಇಷ್ಟು ಮಂದಿ ಮುಂದ ಬ್ಯಾಡ ಅಂತ ಹೆಂಗ ಅನ್ಲಿ?”

ಮಾಲೆ ತೆಗೆದು ಖಾಜಾನ ಕೊರಳಿಗೆ ಹಾಕಿದೆ. ತೆಗೆಯುವಾಗ ಅದು ನನ್ನ ಕಿವಿಗೆ ಸಿಕ್ಕಿ ಅರ್ಧ ಹೂವು ಉದುರಿತು.